ಮುನ್ಸೂಚನೆ ಠಾಣೆಯ ಬಾಗಿಲಲ್ಲೇ ನಿಂತಿತ್ತು

2012ರ ಡಿಸೆಂಬರ್ 16ರ ರಾತ್ರಿ ದಕ್ಷಿಣ ದೆಹಲಿಯಲ್ಲಿ ಸುತ್ತುತ್ತಿದ್ದ ಆ ಬಿಳಿ ಬಸ್ಸಿಗೆ ಮೊದಲು ಸಿಕ್ಕವಳು ಫಿಜಿಯೋಥೆರಪಿ ವಿದ್ಯಾರ್ಥಿನಿಯಲ್ಲ. ಅವಳಿಗಿಂತ ಮುಂಚೆ ಅದೇ ಗುಂಪು ಒಬ್ಬ ಬಡಗಿಯನ್ನು ಹತ್ತಿಸಿಕೊಂಡಿತ್ತು. ಅವನನ್ನು ಹೊಡೆದು, ಮೊಬೈಲು ಮತ್ತು ದುಡ್ಡು ಕಿತ್ತುಕೊಂಡು, ಐಐಟಿ ಮೇಲ್ಸೇತುವೆಯ ಹತ್ತಿರ ಹೊರಕ್ಕೆ ದಬ್ಬಿತ್ತು. ಅವನು ಅಲ್ಲೇ ಸಿಕ್ಕ ಪೊಲೀಸರಿಗೆ ನಡೆದದ್ದನ್ನು ಹೇಳಿದನೆಂದೂ, ಅದು ತಮ್ಮ ಸರಹದ್ದಲ್ಲ, ವಸಂತ ವಿಹಾರ ಠಾಣೆಗೆ ಹೋಗು ಎಂಬ ಉತ್ತರ ಬಂತೆಂದೂ ಆಗ ಪತ್ರಿಕೆಗಳು ವರದಿ ಮಾಡಿದವು. ಬಸ್ಸು ಮುನಿರ್ಕಾ ಕಡೆಗೆ ತಿರುಗಿತು. ರಾಮಕೃಷ್ಣಪುರಂನಲ್ಲಿರುವ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬಂದವರಿಗೆ ಈ ಹೆಸರುಗಳೆಲ್ಲ ಪರಿಚಿತ. ಎಲ್ಲವೂ ಅಲ್ಲಿಂದ ಕೆಲವೇ ಕಿಲೋಮೀಟರ್ ಒಳಗಿನ ಜಾಗಗಳು. ಹಗಲು ಹೊತ್ತು ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಆ ಬಸ್ಸಿಗೆ ಕಪ್ಪು ಗಾಜು, ಪರದೆ ಎರಡೂ ಇದ್ದವು. ಅದು ಹಲವು ಸಲ ದಂಡ ಕಟ್ಟಿ ಮತ್ತೆ ರಸ್ತೆಗಿಳಿದ ಬಸ್ಸು. ನ್ಯಾಯಮೂರ್ತಿ ಉಷಾ ಮೆಹ್ರಾ ಆಯೋಗ ಎರಡು ತಿಂಗಳ ಬಳಿಕ ಕೊಟ್ಟ ವರದಿಯಲ್ಲಿ ಪೊಲೀಸ್ ಮತ್ತು ಸಾರಿಗೆ ಇಲಾಖೆ ಎರಡನ್ನೂ ತರಾಟೆಗೆ ತೆಗೆದುಕೊಂಡಿತು.

ನಿರ್ಭಯಾ ಪ್ರಕರಣವೆಂದು ಹೆಸರಾದ, ಆ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆಯ ನಂತರ ದೇಶವೆಲ್ಲ ಕೇಳಿದ್ದು ಮನಶ್ಶಾಸ್ತ್ರದ ಪ್ರಶ್ನೆಯನ್ನು. ಇಂಥವರ ತಲೆಯೊಳಗೆ ಏನಿರುತ್ತದೆ, ಇವರನ್ನು ಮೊದಲೇ ಗುರುತಿಸಲು ಆಗುವುದಿಲ್ಲವೇ ಎಂದು. ಪ್ರತಿ ಕೊಲೆಯ ಮರುದಿನ ಟಿವಿ ಕ್ಯಾಮೆರಾ ಮುಂದೆ ಪಕ್ಕದ ಮನೆಯವರು ಬಂದು, 'ಒಳ್ಳೆ ಮನುಷ್ಯ ಸಾರ್, ಯಾರ ತಂಟೆಗೂ ಹೋಗ್ತಿರಲಿಲ್ಲ' ಎನ್ನುತ್ತಾರೆ. ಅದನ್ನು ಕೇಳಿ ನಾವು, ಅಬ್ಬಾ, ಎಂಥ ಮುಖವಾಡ ಎಂದು ಬೆರಗಾಗುತ್ತೇವೆ. ಈ ಬೆರಗಿನಲ್ಲಿ ಒಂದು ಅನುಕೂಲವಿದೆ. ಮುಖವಾಡ ಅಷ್ಟು ಚೆನ್ನಾಗಿತ್ತು ಎಂದಾದರೆ ಯಾರದ್ದೂ ತಪ್ಪಿಲ್ಲ. ದೆಹಲಿ ಮತ್ತು ಅದರ ಸುತ್ತಲಿನ ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮಗಳಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅಪಾಯವನ್ನು ಕಂಡವರು ಹೆಚ್ಚುಕಡಿಮೆ ಪ್ರತಿ ಸಲವೂ ಇದ್ದರು. ಅವರು ಬಾಯಿಬಿಟ್ಟು ಹೇಳಿದ್ದರು, ಬರೆದೂ ಕೊಟ್ಟಿದ್ದರು. ಹೇಳಿದವರು ಯಾರು ಎಂಬುದನ್ನು ನೋಡಿ, ಹೇಳಿದ್ದನ್ನು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಬೇರೆ.

ನಿಠಾರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ನೋಯ್ಡಾದ ಸೆಕ್ಟರ್ 31ಕ್ಕೆ ಅಂಟಿಕೊಂಡ ಹಳ್ಳಿ ಅದು. ಬಂಗಲೆಗಳ ಸಾಲು ಮುಗಿದ ಕೂಡಲೇ ಬಾಡಿಗೆ ಕೋಣೆಗಳು. ಬಂಗಾಳ, ಬಿಹಾರ, ಪೂರ್ವ ಉತ್ತರ ಪ್ರದೇಶದಿಂದ ಬಂದ ಮನೆಗೆಲಸದವರು, ರಿಕ್ಷಾದವರು, ಇಸ್ತ್ರಿಯವರು. 2005ರಿಂದ ಅಲ್ಲಿ ಮಕ್ಕಳು ಕಾಣೆಯಾಗತೊಡಗಿದರು. ತಂದೆ ತಾಯಿಗಳು ಠಾಣೆಗೆ ಹೋದರು. ಓಡಿಹೋಗಿರಬೇಕು, ಬರುತ್ತಾಳೆ ಬಿಡಿ ಎಂಬ ಉತ್ತರ. ಹದಿಹರೆಯದ ಹುಡುಗಿಯಾದರೆ ಯಾರದೋ ಜೊತೆ ಹೋಗಿರಬೇಕು ಎಂಬ ಸೇರಿಕೆ. ಯಾವ ಜಾಗದ ಆಸುಪಾಸಿನಲ್ಲಿ ಮಕ್ಕಳು ಕಣ್ಮರೆಯಾಗುತ್ತಿದ್ದಾರೆ ಎಂಬುದನ್ನೂ ನಿಠಾರಿಯ ಹೆಂಗಸರು ಬೆರಳು ಮಾಡಿ ತೋರಿಸುತ್ತಿದ್ದರು. ನಗರಗಳಲ್ಲಿ ಅಪರಾಧದ ನಕ್ಷೆ ಮಾಡಲು ಈಗ ಕಂಪ್ಯೂಟರ್ ತಂತ್ರಾಂಶಗಳಿವೆ. ಆ ಹೆಂಗಸರು ಅದನ್ನು ಬಾಯಲ್ಲೇ ಮಾಡಿಟ್ಟಿದ್ದರು.

2006ರ ಮೇ ತಿಂಗಳಲ್ಲಿ ಒಬ್ಬ ಯುವತಿ ಕಾಣೆಯಾದಳು. ಅವಳ ತಂದೆ ಅಲಹಾಬಾದ್ ಹೈಕೋರ್ಟಿನವರೆಗೆ ಹೋಗಿ ಆದೇಶ ತಂದ ಮೇಲೆ, ಅಕ್ಟೋಬರಿನಲ್ಲಿ, ಎಫ್‌ಐಆರ್ ದಾಖಲಾಯಿತು. ಮಗಳು ಕಾಣೆಯಾಗಿದ್ದಾಳೆ ಎಂದು ಒಂದು ಹಾಳೆಯ ಮೇಲೆ ಬರೆಸಿಕೊಳ್ಳಲು ಒಬ್ಬ ತಂದೆಗೆ ಐದು ತಿಂಗಳು ಮತ್ತು ಒಂದು ಹೈಕೋರ್ಟು ಬೇಕಾಯಿತು. ಅವಳ ಮೊಬೈಲಿನ ಜಾಡು ಹಿಡಿದೇ ತನಿಖೆ ಡಿ-5 ಸಂಖ್ಯೆಯ ಬಂಗಲೆಗೆ ಬಂದದ್ದು. ಡಿಸೆಂಬರ್ 29ರಂದು ಆ ಮನೆಯ ಹಿಂಬದಿಯ ಕಿರಿದಾದ ಜಾಗದಿಂದ, ಮುಂದಿನ ಚರಂಡಿಯಿಂದ ತಲೆಬುರುಡೆಗಳು, ಮೂಳೆಗಳು ಹೊರಬಂದವು.

ಅದೇ ನೋಯ್ಡಾದಲ್ಲಿ, ಅದೇ ವರ್ಷದ ನವೆಂಬರ್ 13ರಂದು, ಅಡೋಬಿ ಕಂಪನಿಯ ಭಾರತೀಯ ವಿಭಾಗದ ಮುಖ್ಯಸ್ಥರ ಮೂರು ವರ್ಷದ ಮಗನ ಅಪಹರಣವಾಗಿತ್ತು. ಇಡೀ ಪೊಲೀಸ್ ಯಂತ್ರ ಎದ್ದು ನಿಂತಿತು. ಲಖನೌದಿಂದ ದೆಹಲಿಯವರೆಗೆ ಫೋನುಗಳು ಬಡಿದುಕೊಂಡವು. ವಾರ ಕಳೆಯುವುದರೊಳಗೆ ಮಗು ಮನೆ ಸೇರಿತು. ಸೇರಲೇಬೇಕಿತ್ತು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ನೋಯ್ಡಾ ಪೊಲೀಸರಿಗೆ ಮಗು ಹುಡುಕುವುದು ಗೊತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ. ನಿಠಾರಿಯ ತಾಯಂದಿರು ಆ ಸುದ್ದಿಯನ್ನು ಟಿವಿಯಲ್ಲಿ ನೋಡಿರಲೇಬೇಕು.

ಪಾಠ ಕಲಿಯಲು ಮೊದಲೇ ಅವಕಾಶವೂ ಇತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ದೆಹಲಿಯ ಸಮಾಜ ವಿಜ್ಞಾನಗಳ ಸಂಸ್ಥೆ ನಡೆಸಿದ ಮಾನವ ಕಳ್ಳಸಾಗಣೆಯ ಅಧ್ಯಯನ 2004ರಲ್ಲಿ ಹೊರಬಂದಿತ್ತು. ದೇಶದಲ್ಲಿ ವರ್ಷಕ್ಕೆ ಸರಾಸರಿ 44 ಸಾವಿರಕ್ಕೂ ಹೆಚ್ಚು ಮಕ್ಕಳು ಕಾಣೆಯಾಗುವ ದೂರು ಬರುತ್ತದೆ, ಅವರಲ್ಲಿ ಸುಮಾರು 11 ಸಾವಿರ ಮಂದಿಯ ಪತ್ತೆಯೇ ಆಗುವುದಿಲ್ಲ ಎಂದು ಅದು ಹೇಳಿತ್ತು. ಆ ವರದಿ ಕಪಾಟಿನಲ್ಲಿದ್ದಾಗಲೇ ನಿಠಾರಿ ನಡೆಯಿತು.

ನಿಠಾರಿಯ ಉಳಿದ ಕಥೆಯನ್ನೂ ಹೇಳಬೇಕು, ಏಕೆಂದರೆ ಅದು ಈ ವಾದದ ಅತ್ಯಂತ ಕಹಿಯಾದ ಭಾಗ. ಸಿಬಿಐ 2007ರ ಜನವರಿಯಲ್ಲಿ ತನಿಖೆ ತೆಗೆದುಕೊಂಡಿತು. ಮನೆ ಮಾಲೀಕ ಮೊನಿಂದರ್ ಸಿಂಗ್ ಪಂಢೇರ್, ಮನೆಗೆಲಸದ ಸುರೇಂದ್ರ ಕೋಲಿ ಇಬ್ಬರಿಗೂ 2009ರಲ್ಲಿ ಮರಣದಂಡನೆಯಾಯಿತು. ಮೇಲ್ಮನವಿಯಲ್ಲಿ ಅದೇ ವರ್ಷ ಆ ಪ್ರಕರಣದಿಂದ ಪಂಢೇರ್ ಬಿಡುಗಡೆ; ಕೋಲಿಯ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2023ರ ಅಕ್ಟೋಬರ್ 16ರಂದು ಅಲಹಾಬಾದ್ ಹೈಕೋರ್ಟ್ ಕೋಲಿಯನ್ನು ಹನ್ನೆರಡು ಪ್ರಕರಣಗಳಲ್ಲಿ, ಪಂಢೇರ್‌ನನ್ನು ಎರಡರಲ್ಲಿ ಖುಲಾಸೆ ಮಾಡಿತು. ತನಿಖೆಯನ್ನು ಕೆಡಿಸಲಾಗಿದೆ, ಬಡ ಕೆಲಸದವನನ್ನು ಸಿಕ್ಕಿಸುವ ಸುಲಭದ ದಾರಿ ಹಿಡಿಯಲಾಗಿದೆ, ಅಂಗಾಂಗ ವ್ಯಾಪಾರದ ಸಾಧ್ಯತೆಯನ್ನು ಪರಿಶೀಲಿಸಬೇಕೆಂಬ ಸರ್ಕಾರಿ ಸಮಿತಿಯ ಸೂಚನೆಯನ್ನೇ ಕಡೆಗಣಿಸಲಾಗಿದೆ ಎಂದು ಅದು ಬರೆಯಿತು. 2025ರ ನವೆಂಬರ್ 11ರಂದು ಸುಪ್ರೀಂ ಕೋರ್ಟ್ ಉಳಿದಿದ್ದ ಒಂದೇ ಪ್ರಕರಣದಲ್ಲೂ ಕೋಲಿಯನ್ನು ಬಿಡುಗಡೆ ಮಾಡಿತು. ಕಾನೂನಿನ ಕಣ್ಣಲ್ಲಿ ಇಂದು ನಿಠಾರಿಯ ಮಕ್ಕಳನ್ನು ಕೊಂದವರು ಯಾರೂ ಇಲ್ಲ.

ಹಾಗಾದರೆ ಆ ಕೊಲೆಗಾರನಲ್ಲಿ ಕಾಣಬೇಕಿದ್ದ ಚಿಹ್ನೆಗಳ ಬಗ್ಗೆ 2007ರಲ್ಲಿ ಟಿವಿ ವಾಹಿನಿಗಳು ನಡೆಸಿದ ಗಂಟೆಗಟ್ಟಲೆ ವಿಶ್ಲೇಷಣೆಯನ್ನು ಏನು ಮಾಡುವುದು? ಅವನ ಕಣ್ಣು, ಅವನ ಮೌನ, ಅವನ ಬಾಲ್ಯ? ಯಾರ ಮುಖವನ್ನು ಓದಿದೆವೋ ಆ ಮುಖವೇ ಈಗ ನಿರಪರಾಧಿಯದ್ದು. ಉಳಿದಿರುವ ಗಟ್ಟಿ ಸತ್ಯ ಒಂದೇ: ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ಮಕ್ಕಳು ಸಾಲಾಗಿ ಕಾಣೆಯಾಗುತ್ತಿದ್ದರು. ಆ ಸತ್ಯ ತಿಳಿಯಲು ಯಾವ ಮನಶ್ಶಾಸ್ತ್ರಜ್ಞನೂ ಬೇಕಿರಲಿಲ್ಲ, ಠಾಣೆಯ ಒಂದು ರಿಜಿಸ್ಟರು ಸಾಕಿತ್ತು. ಕಾಣೆಯಾದ ಮೊದಲ ದಿನಗಳಲ್ಲೇ ದೂರು ದಾಖಲಾಗಿದ್ದರೆ ಕೊಲೆಗಳು ನಿಲ್ಲುತ್ತಿದ್ದವೋ ಏನೋ. ಸಾಕ್ಷ್ಯವಂತೂ ಕೊಳೆಯುತ್ತಿರಲಿಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲೂ ಇದೇ ಆಯಿತು. ನಗರದ ಬಡ ಬಡಾವಣೆಯೊಂದರಿಂದ ವರ್ಷಗಳ ಕಾಲ ಹೆಂಗಸರು, ಅವರಲ್ಲಿ ಹಲವರು ಆದಿವಾಸಿಗಳು, ಲೈಂಗಿಕ ವೃತ್ತಿಯವರು, ಕಾಣೆಯಾಗುತ್ತಿದ್ದರು. ಊರು ಬಿಟ್ಟು ಹೋಗಿರುತ್ತಾರೆ ಎಂದು ಪೊಲೀಸರು ಕುಳಿತರು. ಹಂದಿ ಸಾಕುವ ರಾಬರ್ಟ್ ಪಿಕ್ಟನ್ 2002ರಲ್ಲಿ ಸಿಕ್ಕಿಬಿದ್ದ. ಹತ್ತು ವರ್ಷದ ಬಳಿಕ ವಾಲಿ ಓಪಲ್ ಆಯೋಗ ಬರೆದ ವರದಿಯ ಸಾರ, ಕಾಣೆಯಾದವರು ಯಾರೆಂಬ ಕಾರಣಕ್ಕೇ ಅವರನ್ನು ಹುಡುಕಲಿಲ್ಲ ಎಂಬುದು. ಇಂಗ್ಲೆಂಡಿನಲ್ಲಿ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್‌ನ ರೋಗಿಗಳು ಅತಿಯಾಗಿ ಸಾಯುತ್ತಿದ್ದಾರೆ ಎಂದು 1998ರ ಮಾರ್ಚಿನಲ್ಲಿ ಅದೇ ಊರಿನ ಇನ್ನೊಬ್ಬ ವೈದ್ಯೆ ಎಚ್ಚರಿಸಿದರು. ಪೊಲೀಸರು ಮೇಲುಮೇಲೆ ನೋಡಿ ಕಡತ ಮುಚ್ಚಿದರು. ಸೆಪ್ಟೆಂಬರಿನಲ್ಲಿ ಬಂಧನವಾಗುವ ಹೊತ್ತಿಗೆ ಇನ್ನೂ ಮೂವರು ಸತ್ತಿದ್ದರು. ಒಂದು ಕಡೆ ದೂರಿತ್ತವರ ದರ್ಜೆ ಕಡಿಮೆಯಾಯಿತು, ಇನ್ನೊಂದು ಕಡೆ ದೂರಿಗೆ ಗುರಿಯಾದವನ ದರ್ಜೆ ಹೆಚ್ಚಾಯಿತು.

ದೆಹಲಿಗೆ ಈ ಎರಡನೆಯ ಬಗೆಯೂ ಚೆನ್ನಾಗಿ ಗೊತ್ತು. ಪ್ರಿಯದರ್ಶಿನಿ ಮಟ್ಟೂ ದೆಹಲಿ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿ. ಅವಳ ಹಿಂದೆ ಬಿದ್ದಿದ್ದ ಸಂತೋಷ್ ಕುಮಾರ್ ಸಿಂಗ್ ಹಿರಿಯ ಐಪಿಎಸ್ ಅಧಿಕಾರಿಯ ಮಗ. 1995ರಲ್ಲಿ ಅವಳು ಒಂದಲ್ಲ, ಹಲವು ದೂರು ಕೊಟ್ಟಳು. ಪೊಲೀಸರು ಅವನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಮತ್ತೆ ಬಂದ, ಮತ್ತೆ ದೂರು, ಮತ್ತೆ ಮುಚ್ಚಳಿಕೆ. ಅವಳಿಗೆ ಒಬ್ಬ ಅಂಗರಕ್ಷಕನನ್ನೂ ಕೊಟ್ಟರು. ಅಂದರೆ ಅಪಾಯ ನಿಜ ಎಂದು ರಾಜ್ಯವೇ ಒಪ್ಪಿಕೊಂಡಿತ್ತು! ಅವಳು ಪೊಲೀಸ್ ಕಾವಲಿನಲ್ಲಿ ತರಗತಿಗೆ ಹೋಗುತ್ತಿದ್ದಳು, ಅವನು ಯಾವ ಕಾವಲೂ ಇಲ್ಲದೆ ಓಡಾಡುತ್ತಿದ್ದ. 1996ರ ಜನವರಿ 23ರಂದು ವಸಂತ್ ಕುಂಜ್‌ನ ಮನೆಯಲ್ಲಿ ಅವಳ ಕೊಲೆಯಾಯಿತು; ಅಂಗರಕ್ಷಕ ಬಂದದ್ದು ತಡವಾಗಿ. 1999ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಬಿಟ್ಟಿತು. 2006ರಲ್ಲಿ ದೆಹಲಿ ಹೈಕೋರ್ಟ್ ತಪ್ಪಿತಸ್ಥ ಎಂದು ಹೇಳಿ ಮರಣದಂಡನೆ ಕೊಟ್ಟಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ನಿರ್ಭಯಾ ಪ್ರಕರಣದ ನಂತರ ನೇಮಕಗೊಂಡ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ತನ್ನ ವರದಿಯನ್ನು ಸಲ್ಲಿಸಿದ್ದು 2013ರ ಜನವರಿ 23ರಂದು, ಪ್ರಿಯದರ್ಶಿನಿ ಸತ್ತ ಹದಿನೇಳನೆಯ ವರ್ಷದ ಅದೇ ದಿನ. ಕಾಕತಾಳೀಯವೇ, ಆದರೂ ದಾಖಲಿಸುವಂಥದ್ದು. ಬೆನ್ನುಹತ್ತುವುದು ಪ್ರತ್ಯೇಕ ಅಪರಾಧವಾದದ್ದು ಆ ವರ್ಷದ ಕಾನೂನಿನಿಂದ. ಆಗಲೂ ಮೊದಲ ಸಲದ ಅಪರಾಧಕ್ಕೆ ಠಾಣೆಯಲ್ಲೇ ಜಾಮೀನು ಸಿಗುವಂತೆ ಸಂಸತ್ತು ಅದನ್ನು ಸಡಿಲಿಸಿತು. ಹುಡುಗಿಯ ಹಿಂದೆ ಬೀಳದವರು ಯಾರಿದ್ದಾರೆ ಎಂಬ ಧಾಟಿಯಲ್ಲಿ ಶರದ್ ಯಾದವ್ ಲೋಕಸಭೆಯಲ್ಲೇ ಮಾತನಾಡಿದ್ದರು. ನಮ್ಮ ಸಿನಿಮಾಗಳ ಅರ್ಧ ಕಥೆಗಳು ಇದೇ ನಂಬಿಕೆಯ ಮೇಲೆ ನಿಂತಿವೆ, ಕನ್ನಡದವೂ ಸೇರಿ.

ಇನ್ನು ಶ್ರದ್ಧಾ ವಾಲ್ಕರ್, ಸಂಗಾತಿಯೇ ಕೊಂದನೆಂಬ ಆರೋಪವಿರುವ ಯುವತಿ. 2022ರ ನವೆಂಬರಿನಲ್ಲಿ ಮೆಹ್ರೌಲಿಯ ಕಾಡಿನಲ್ಲಿ ಪೊಲೀಸರು ದೇಹದ ತುಂಡುಗಳನ್ನು ಹುಡುಕುತ್ತಿದ್ದಾಗ ದೇಶಕ್ಕೆ ಆ ತುಂಡುಗಳನ್ನು ಇಟ್ಟಿದ್ದನೆನ್ನಲಾದ ಫ್ರಿಜ್ಜಿನ ವಿವರಗಳೆಲ್ಲ ಬಾಯಿಪಾಠವಾದವು. ಅದೇ ತಿಂಗಳು ಬೆಳಕಿಗೆ ಬಂದ ಒಂದು ಕಾಗದ ಅಷ್ಟು ಸದ್ದು ಮಾಡಲಿಲ್ಲ. 2020ರ ನವೆಂಬರ್ 23ರಂದು, ಸಾಯುವ ಒಂದೂವರೆ ವರ್ಷ ಮುಂಚೆ, ಅವಳು ಮುಂಬೈ ಹೊರವಲಯದ ತುಳಿಂಜ್ ಠಾಣೆಗೆ ತನ್ನ ಕೈಯಾರೆ ಬರೆದು ಕೊಟ್ಟ ದೂರು ಅದು. ಸಂಗಾತಿ ಉಸಿರುಗಟ್ಟಿಸಿ ಕೊಲ್ಲಲು ನೋಡಿದ, ಕೊಂದು ತುಂಡು ಮಾಡಿ ಎಸೆಯುತ್ತೇನೆ ಎಂದು ಹೆದರಿಸುತ್ತಿದ್ದಾನೆ, ಆರು ತಿಂಗಳಿಂದ ಹೊಡೆಯುತ್ತಿದ್ದಾನೆ, ಇದು ಅವನ ಹೆತ್ತವರಿಗೂ ಗೊತ್ತು ಎಂಬುದು ಅದರ ತಾತ್ಪರ್ಯ. ಮುಂದಿನ ತಿಂಗಳು, ನಮ್ಮಲ್ಲಿ ಜಗಳವಿಲ್ಲ ಎಂದು ಅವಳೇ ಹೇಳಿಕೆ ಕೊಟ್ಟಳು; ಕಡತ ಮುಚ್ಚಿತು. ಆರೋಪಿಯ ವಿಚಾರಣೆ ದೆಹಲಿಯ ಸಾಕೇತ್ ನ್ಯಾಯಾಲಯಕ್ಕೆ ಬಂದಿದೆ, ಅಪರಾಧ ಸಾಬೀತಾಗಬೇಕಾದದ್ದು ಅಲ್ಲಿ. ಆ ಕಾಗದದ ಬಗ್ಗೆ ಮಾತನಾಡಲು ತೀರ್ಪಿಗೆ ಕಾಯಬೇಕಿಲ್ಲ.

'ಅವಳೇ ವಾಪಸು ತೆಗೆದುಕೊಂಡಳಲ್ಲ' ಎಂಬುದು ಪೊಲೀಸರ ಸಿದ್ಧ ಉತ್ತರ. ಹೊಡೆಸಿಕೊಂಡವಳು ದೂರು ವಾಪಸು ತೆಗೆದುಕೊಳ್ಳುವುದು ಅಪಾಯ ಕಳೆಯಿತೆಂಬುದರ ಗುರುತಲ್ಲ. ಅನೇಕ ಸಲ ಅಪಾಯ ಅವಳಿಗಿಂತ ಬಲಶಾಲಿಯಾಗಿದೆ ಎಂಬುದರ ಗುರುತು. ಇದನ್ನು ಅಂದಾಜಿನಿಂದ ಹೇಳಬೇಕಾಗಿಲ್ಲ. ಸಂಗಾತಿಯಿಂದ ಕೊಲೆಯಾಗುವ ಅಪಾಯವನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲೇ ರೂಪಿಸಿದರು. ಮೊದಲೊಮ್ಮೆ ಕತ್ತು ಹಿಸುಕಿದ್ದರೆ ಮುಂದೆ ಅದೇ ಕೈಯಿಂದ ಕೊಲೆಯಾಗುವ ಸಾಧ್ಯತೆ ಏಳು ಪಟ್ಟು ಹೆಚ್ಚು ಎಂದು ಅವರೂ ಸಂಗಡಿಗರೂ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಬ್ರಿಟನ್ನಿನ ಜೇನ್ ಮಾಂಕ್ಟನ್ ಸ್ಮಿತ್ 372 ಕೊಲೆಗಳನ್ನು ಪರಿಶೀಲಿಸಿ, ಸಂಗಾತಿಯ ಕೊಲೆ 'ಕ್ಷಣದ ಆವೇಶ'ದಲ್ಲಿ ಆಗುವುದಿಲ್ಲ, ಎಂಟು ಹಂತಗಳಲ್ಲಿ ಏರುತ್ತ ಬರುತ್ತದೆ ಎಂದು ತೋರಿಸಿದರು. ಹತೋಟಿ, ಕಣ್ಗಾವಲು, ಬಿಟ್ಟುಹೋಗುತ್ತೇನೆಂದಾಗ ಏರುವ ಬೆದರಿಕೆ, ಆಮೇಲೆ ತಯಾರಿ. ತುಳಿಂಜ್‌ನ ಆ ದೂರಿನಲ್ಲಿ ಉಸಿರುಗಟ್ಟಿಸಿದ್ದಿತ್ತು, ಬೆದರಿಕೆಯಿತ್ತು, ಆರು ತಿಂಗಳ ಹೊಡೆತವಿತ್ತು. ಠಾಣೆಯ ಬರಹಗಾರನ ಮೇಜಿನ ಮೇಲೆ ಈ ಪ್ರಶ್ನೆಗಳ ಒಂದು ಹಾಳೆ ಅಂಟಿಸಿದ್ದರೆ ಅದು ಕೆಂಪು ಗುರುತಿನ ಪ್ರಕರಣವಾಗುತ್ತಿತ್ತು. ನಮ್ಮ ಠಾಣೆಗಳ ಗೋಡೆಯ ಮೇಲೆ ಹಾಳೆಗಿಂತ ಗಟ್ಟಿಯಾಗಿ ಅಂಟಿಕೊಂಡಿರುವುದು ಒಂದು ಗಾದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಎಷ್ಟು ಮಂದಿ ಹೆಂಗಸರು ಉಂಡು ಮಲಗಿ ಏಳಲಿಲ್ಲವೋ.

ಪೊಲೀಸರನ್ನಷ್ಟೇ ಬಯ್ದು ಮುಗಿಸುವುದು ಅನ್ಯಾಯ. 2023ರ ಮೇ 28ರ ರಾತ್ರಿ ದೆಹಲಿಯ ಶಾಹ್‌ಬಾದ್ ಡೈರಿಯ ಓಣಿಯಲ್ಲಿ ಹದಿನಾರರ ಹುಡುಗಿಯೊಬ್ಬಳನ್ನು ಇರಿಯುತ್ತಿದ್ದಾಗ ಜನ ಪಕ್ಕದಲ್ಲೇ ಹಾದುಹೋದದ್ದು ಸಿಸಿಟಿವಿಯಲ್ಲಿದೆ. ಆ ದೃಶ್ಯವನ್ನು ಆಧುನಿಕ ನಗರದ ಹೃದಯಹೀನತೆ ಎಂದು ಎಲ್ಲರೂ ಬರೆದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಸಾಕ್ಷಿ ಹೇಳಲು ಹೋದವನನ್ನು ನ್ಯಾಯಾಲಯ ವರ್ಷಗಟ್ಟಲೆ ಅಲೆಸುವ, ದೂರು ಕೊಟ್ಟವನನ್ನೇ ಠಾಣೆ ಮೊದಲು ವಿಚಾರಿಸುವ ಊರಿನಲ್ಲಿ 'ಊರ ಉಸಾಬರಿ ನಮಗೇಕೆ' ಎಂಬುದು ಕಲ್ಲೆದೆಯಿಂದ ಮಾತ್ರ ಹುಟ್ಟುವುದಿಲ್ಲ, ಅನುಭವದಿಂದಲೂ ಹುಟ್ಟುತ್ತದೆ. ಮಾತಿಗೆ ಬೆಲೆಯಿಲ್ಲ ಎಂದು ನಾಲ್ಕು ಸಲ ಗೊತ್ತಾದ ಮೇಲೆ ಐದನೆಯ ಸಲ ಕಣ್ಣೇ ನೋಡುವುದನ್ನು ಬಿಡುತ್ತದೆ.

ಹೀಗೆ ಕೇಳುವುದನ್ನು ಕೈಬಿಟ್ಟ ಸಮಾಜ ಸುಮ್ಮನೆ ಕೂರುವುದಿಲ್ಲ, ಮುಖ ಓದಲು ಹೊರಡುತ್ತದೆ. ಅದು ಇನ್ನೂ ಅಪಾಯಕಾರಿ. 2017ರ ಸೆಪ್ಟೆಂಬರ್ 8ರಂದು ಗುರುಗ್ರಾಮದ ಹೆಸರಾಂತ ಖಾಸಗಿ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಪೊಲೀಸರು ಅಂದೇ ಬಸ್ ಕಂಡಕ್ಟರನನ್ನು ಹಿಡಿದರು. ಅವನು ಕ್ಯಾಮೆರಾ ಮುಂದೆ ಒಪ್ಪಿಕೊಂಡೂಬಿಟ್ಟ. ಬಡವ, ಕಡಿಮೆ ಓದಿದವ, ಶಾಲೆಯ ಶೌಚಾಲಯದ ಬಳಿ ಕಂಡವ. ದೇಶಕ್ಕೆ ಅಷ್ಟು ಸಾಕಾಯಿತು. ಎರಡು ತಿಂಗಳ ಬಳಿಕ ಸಿಬಿಐ ಅದೇ ಶಾಲೆಯ ಹಿರಿಯ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ತೆಗೆದುಕೊಂಡಿತು, ಕಂಡಕ್ಟರನನ್ನು ನ್ಯಾಯಾಲಯ ಆರೋಪಮುಕ್ತಗೊಳಿಸಿತು. ಕರ್ನಾಟಕದಲ್ಲೂ ಇಂಥದ್ದು ನಡೆದಿದೆ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ಗುಲ್ಲಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿಯೊಬ್ಬನನ್ನು ಜನ ಬಡಿದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದ ಗುಂಪಿನಲ್ಲಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಹಿಂಸೆಯ ಮುನ್ಸೂಚನೆಯನ್ನು ಅಪರಿಚಿತನ ಮುಖದಲ್ಲಿ ಹುಡುಕಿದರೆ ಸಿಗುವುದು ಇದೇ.

ನಿಠಾರಿಯ ನಂತರ ನೋಯ್ಡಾ, ದೆಹಲಿಗಳಲ್ಲಿ ಬಿರುಸಾಗಿ ನಡೆದದ್ದು ಮನೆಗೆಲಸದವರ ಪೊಲೀಸ್ ತಪಾಸಣೆ. ಮಾಲೀಕರ ತಪಾಸಣೆಯ ಮಾತು ಯಾರೂ ಎತ್ತಲಿಲ್ಲ. ಈಗಂತೂ ಗುರುಗ್ರಾಮದ ಅಪಾರ್ಟ್‌ಮೆಂಟುಗಳಲ್ಲಿ ಕೆಲಸದಾಕೆ ಗೇಟು ದಾಟಿದ ನಿಮಿಷವೂ ಆ್ಯಪಿನಲ್ಲಿ ದಾಖಲಾಗುತ್ತದೆ. 2023ರ ಫೆಬ್ರುವರಿಯಲ್ಲಿ ಅದೇ ಊರಿನ ಉದ್ಯೋಗಸ್ಥ ದಂಪತಿಯ ಮನೆಯಿಂದ ಜಾರ್ಖಂಡಿನ ಒಬ್ಬ ಬಾಲಕಿಯನ್ನು ಮೈಯೆಲ್ಲ ಗಾಯಗಳೊಂದಿಗೆ ಹೊರತಂದರು. ತಿಂಗಳುಗಟ್ಟಲೆ ಹಿಂಸೆ ನಡೆದಿತ್ತು ಎಂಬುದು ಆರೋಪ. ಬಾಗಿಲಿನ ಆಚೆ ಈಚೆ ಯಾವ ಕಡೆಗೆ ಕ್ಯಾಮೆರಾ ಮುಖ ಮಾಡಿದೆ ಎಂಬುದನ್ನು ನೋಡಿದರೆ ಯಾರ ಭಯ ನಮಗೆ ಭಯವಾಗಿ ಕಾಣುತ್ತದೆ ಎಂದು ತಿಳಿಯುತ್ತದೆ.

ಕನ್ನಡ ಓದುಗರು ಇದೆಲ್ಲ ಉತ್ತರದವರ ಕಥೆ ಎಂದುಕೊಳ್ಳುವ ಹಾಗಿಲ್ಲ. 2003ರಿಂದ 2009ರವರೆಗೆ ದಕ್ಷಿಣ ಕನ್ನಡ ಮತ್ತು ಅದರ ನೆರೆಯ ಊರುಗಳ ಇಪ್ಪತ್ತು ಯುವತಿಯರು ಒಬ್ಬೊಬ್ಬರಾಗಿ ಮನೆಯಿಂದ ಹೋದರು. ಅವರ ಹೆಣಗಳು ಮೈಸೂರು, ಮಡಿಕೇರಿ, ಬೆಂಗಳೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಕ್ಕವು. ಅಲ್ಲಿನ ಠಾಣೆಗಳು ಅಸಹಜ ಸಾವಿನ ವರದಿ (ಯುಡಿಆರ್) ಬರೆದು, ಆತ್ಮಹತ್ಯೆ ಎಂದು ಮುಗಿಸಿದವು. ಅವರ ಸ್ವಂತ ಊರಿನ ಠಾಣೆಗಳು ಮಿಸ್ಸಿಂಗ್ ಎಂದು ಬರೆದು, ಇಲ್ಲವೇ ಬರೆಯದೆಯೇ, ಮುಗಿಸಿದವು. ಮದುವಣಗಿತ್ತಿಯಂತೆ ಸಿಂಗರಿಸಿಕೊಂಡ ಯುವತಿಯರು ಒಂದೇ ರೀತಿಯ ಜಾಗದಲ್ಲಿ ಸಾಯುತ್ತಿರುವುದು ಒಂದು ರಾಜ್ಯದ ಪೊಲೀಸ್ ಇಲಾಖೆಗೆ ಆರು ವರ್ಷ ಸಂಶಯ ಹುಟ್ಟಿಸಲಿಲ್ಲ. ಬಂಟ್ವಾಳ ತಾಲೂಕಿನ ಬರಿಮಾರಿನ ಯುವತಿ ಕಾಣೆಯಾದಾಗ, ಅನ್ಯಧರ್ಮದವನ ಜೊತೆ ಓಡಿಹೋದಳು ಎಂಬ ಗುಲ್ಲೆದ್ದು ಪ್ರತಿಭಟನೆಯಾಯಿತು. ಆ ಒತ್ತಡಕ್ಕೆ ಪೊಲೀಸರು ಫೋನಿನ ಜಾಡು ಹಿಡಿದಾಗ 2009ರ ಅಕ್ಟೋಬರಿನಲ್ಲಿ ಸಿಕ್ಕವನು ಶಾಲಾ ಮಾಸ್ತರನಾಗಿದ್ದ ಮೋಹನ್ ಕುಮಾರ್. ಗುಲ್ಲು ತಪ್ಪಾಗಿತ್ತು, ತನಿಖೆ ಸರಿಯಾದ ಕಡೆ ಹೋಯಿತು. ಬೇರೆ ಹತ್ತೊಂಬತ್ತು ಕುಟುಂಬಗಳಿಗೆ ಅಂಥ ಗದ್ದಲ ಎಬ್ಬಿಸುವ ತಾಕತ್ತಿರಲಿಲ್ಲ.

ಹುಬ್ಬಳ್ಳಿಯ ಗಾಯ ಇನ್ನೂ ಹಸಿ. 2024ರ ಏಪ್ರಿಲಿನಲ್ಲಿ ಕಾಲೇಜು ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯ ಕೊಲೆಯಾಯಿತು. ಇಡೀ ರಾಜ್ಯ ಬೀದಿಗಿಳಿಯಿತು, ರಾಜಕೀಯ ಪಕ್ಷಗಳು ತಮಗೆ ಬೇಕಾದ್ದನ್ನು ತೆಗೆದುಕೊಂಡವು. ಒಂದು ತಿಂಗಳು ತುಂಬುವ ಮೊದಲೇ, ಮೇ 15ರ ಬೆಳಗಿನ ಜಾವ, ಅದೇ ಊರಿನಲ್ಲಿ ಇನ್ನೊಬ್ಬ ಯುವತಿಯನ್ನು ಮನೆಗೆ ನುಗ್ಗಿ ಇರಿದು ಕೊಂದರು. ಬೆದರಿಕೆ ಬಂದಿದೆ ಎಂದು ಅವಳ ಅಜ್ಜಿ ಠಾಣೆಗೆ ಹೋಗಿ ಹೇಳಿದ್ದರು. ಠಾಣಾಧಿಕಾರಿ, ಆಮೇಲೆ ಡಿಸಿಪಿ ಅಮಾನತಾದರು. ಊರೆಲ್ಲ ಇದೇ ಮಾತಾಡುತ್ತಿದ್ದ ವಾರಗಳಲ್ಲೂ ಒಬ್ಬ ಮುದುಕಿಯ ಮಾತು ಮೇಜಿನಾಚೆ ದಾಟಲಿಲ್ಲ.

ಕಾನೂನಿಲ್ಲ ಎಂದು ಯಾರೂ ಹೇಳುವಂತಿಲ್ಲ. ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಹೇಳಿದ ಲಲಿತಾ ಕುಮಾರಿ ತೀರ್ಪು ಹುಟ್ಟಿದ್ದೇ ಈ ರಾಷ್ಟ್ರ ರಾಜಧಾನಿ ವಲಯದ ನೆಲದಲ್ಲಿ, ಮಗಳ ಅಪಹರಣದ ದೂರು ಹಿಡಿದು ಗಾಜಿಯಾಬಾದ್ ಪೊಲೀಸರ ಬಳಿ ಅಲೆದ ತಂದೆಯೊಬ್ಬನಿಂದ. ಅದೇ ವರ್ಷದ ಮೇ 10ರಂದು, ಬಚ್‌ಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ, ಮಗು ಕಾಣೆಯಾದರೆ ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ಭಾವಿಸಿ ಪ್ರಕರಣ ದಾಖಲಿಸಬೇಕು ಎಂದು ಅದೇ ನ್ಯಾಯಾಲಯ ಆದೇಶಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಯಾವ ಠಾಣೆಯಲ್ಲಾದರೂ ದೂರು ಕೊಡುವ ಹಕ್ಕನ್ನು ಬರೆದಿಟ್ಟಿದೆ. ಅಂದಿನ ಬಡಗಿಗೆ ಹೇಳಿದಂತೆ 'ಆ ಠಾಣೆಗೆ ಹೋಗು' ಎಂದು ಇಂದು ಹೇಳುವಂತಿಲ್ಲ. ದೆಹಲಿಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ಒಂದೇ ಮೆಟ್ರೋ ಜಾಲ ಹರಡಿರುವ ಪ್ರದೇಶದಲ್ಲಿ ಕೇಂದ್ರ ಗೃಹ ಸಚಿವಾಲಯದ ಪೊಲೀಸರು, ಉತ್ತರ ಪ್ರದೇಶದವರು, ಹರಿಯಾಣದವರು ಮೂವರಿದ್ದಾರೆ. ಬೆದರಿಸುವವನು ಗಡಿ ದಾಟುತ್ತಾನೆ, ಅವನ ಕಡತ ದಾಟುವುದಿಲ್ಲ.

ಎಚ್ಚರಿಕೆಯ ಮಾತು ಹೇಳಬೇಕಾದದ್ದು ಇಲ್ಲಿ. ಅದೇ ಹೊಸ ಸಂಹಿತೆಯ 173ನೇ ಕಲಮಿನ ಮೂರನೇ ಉಪಕಲಮು ಹಿಂಬಾಗಿಲೊಂದನ್ನು ತೆರೆದಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, ಎಫ್‌ಐಆರ್ ಮಾಡುವ ಮೊದಲು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. ಎರಡನೆಯ ಸಲ ಬೆನ್ನುಹತ್ತಿದವನಿಗೆ ಇರುವ ಗರಿಷ್ಠ ಶಿಕ್ಷೆ ಐದು ವರ್ಷ. ಅಂದರೆ ಮುಚ್ಚಳಿಕೆ ಬರೆದುಕೊಟ್ಟು ಹೋಗಿ ಮತ್ತೆ ಬಂದವನು, ಯಾರನ್ನು ಅಂದೇ ಹಿಡಿಯಬೇಕೋ ಅವನು, ಈ ಅಳತೆಯೊಳಗೆ ಸರಿಯಾಗಿ ಕೂರುತ್ತಾನೆ. ಲಲಿತಾ ಕುಮಾರಿ ತೀರ್ಪು ಕೂಡ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟ ಕೆಲವೇ ವರ್ಗಗಳಲ್ಲಿ ಮೊದಲನೆಯದು ವೈವಾಹಿಕ ಮತ್ತು ಕೌಟುಂಬಿಕ ಜಗಳ. ಸುಳ್ಳು ದೂರುಗಳನ್ನು ತಡೆಯುವ ಉದ್ದೇಶ ಅದರ ಹಿಂದಿದ್ದಿರಬಹುದು. ಆದರೆ ಹದಿನಾಲ್ಕು ದಿನ ವಿಚಾರಣೆ ಎಂದರೆ ನೆಲದ ಮೇಲೆ ಏನು? ಅವನನ್ನು ಠಾಣೆಗೆ ಕರೆಸುತ್ತಾರೆ, ಅವಳು ದೂರು ಕೊಟ್ಟದ್ದು ಅವನಿಗೆ ಗೊತ್ತಾಗುತ್ತದೆ, ಅವನನ್ನು ವಾಪಸು ಕಳಿಸುತ್ತಾರೆ. ಕ್ಯಾಂಪ್‌ಬೆಲ್, ಮಾಂಕ್ಟನ್ ಸ್ಮಿತ್ ಇಬ್ಬರೂ ಅತ್ಯಂತ ಅಪಾಯದ ಅವಧಿ ಎಂದು ಗುರುತಿಸಿದ್ದು ಅವಳು ಕೈಮೀರಿ ಹೋಗುತ್ತಿದ್ದಾಳೆ ಎಂದು ಅವನಿಗೆ ತಿಳಿದ ಆ ದಿನಗಳನ್ನೇ.

ಉಪಕಲಮಿನಲ್ಲಿ ಇರುವುದು 'ಮಾಡಬಹುದು' ಎಂಬ ಅಧಿಕಾರ, 'ಮಾಡಲೇಬೇಕು' ಎಂಬ ಕಟ್ಟಲೆಯಲ್ಲ. ಅನುಮತಿ ಕೊಡದಿರಲು ಮೇಲಧಿಕಾರಿಗೆ ಪೂರ್ಣ ಸ್ವಾತಂತ್ರ್ಯವಿದೆ. ಒಬ್ಬನ ಮೇಲೆಯೇ ಎರಡನೆಯ ದೂರು ಬಂದಾಗ, ಕತ್ತು ಹಿಸುಕಿದ ಇಲ್ಲವೇ ಕೊಲ್ಲುತ್ತೇನೆಂದ ಉಲ್ಲೇಖ ದೂರಿನಲ್ಲಿದ್ದಾಗ ಈ ಅನುಮತಿ ಕೊಡಕೂಡದು, ದೂರು ವಾಪಸಾದರೂ ತಿಂಗಳೊಳಗೆ ಮಹಿಳಾ ಅಧಿಕಾರಿಯೊಬ್ಬರು ಅವಳನ್ನು ಒಂಟಿಯಾಗಿ ಭೇಟಿ ಮಾಡಬೇಕು ಎಂಬಷ್ಟನ್ನು ಹೇಳುವ ಒಂದು ಪುಟದ ಸುತ್ತೋಲೆಯನ್ನು ದೆಹಲಿಯ ಪೊಲೀಸ್ ಆಯುಕ್ತರೂ ಲಖನೌ, ಪಂಚಕುಲಾ, ಬೆಂಗಳೂರಿನ ಡಿಜಿಪಿಗಳೂ ಈ ವಾರವೇ ಹೊರಡಿಸಬಹುದು. ಅದಕ್ಕೆ ಸಂಸತ್ತಿನ ಅಧಿವೇಶನ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ.